ಕೋಡುಬಳೆಯ ದೀರ್ಘ

ಮೊನ್ನೆ ನಮ್ಮ ಚಾಮರಾಜಪೇಟೆಯ ಬೀದಿಗೆ ಇ-ಕಸದ ಗಾಡಿ ಬಂದಿತ್ತು. ಹಸಿ ಕಸ, ಒಣ ಕಸ ಆದ ಮೇಲೆ ಈಗ ಇದೊಂದು ಹೊಸ ಜಾತಿ. 'ಹಳೇ ಟೀವಿ, ಹಳೇ ಕಂಪ್ಯೂಟರ್, ಕೆಟ್ಟ ಚಾರ್ಜರ್ ಇದ್ರೆ ಕೊಡಿ' ಎಂದು ಗಾಡಿಯ ಮೈಕು ಕೂಗಿದ್ದೇ ತಡ, ಬೀದಿಯ ಅಟ್ಟಗಳೆಲ್ಲ ದೂಳು ಉದುರಿಸತೊಡಗಿದವು. ನಾನೂ ಸೆರಗು ಸಿಕ್ಕಿಸಿ ಅಟ್ಟ ಹತ್ತಿದೆ. ಯಾವ ಯಂತ್ರದ್ದೆಂದು ಯಾರಿಗೂ ನೆನಪಿಲ್ಲದ ವೈರುಗಳು, ಬಾಲ ಕಡಿದ ಎರಡು ಮೌಸು, ಒಂದು ಸತ್ತ ಸ್ಪೀಕರು ಸಿಕ್ಕಿದವು. ಅವುಗಳ ಕೆಳಗೆ ಹಳೆಯ ದಿಂಬಿನ ಕವರಿನಲ್ಲಿ ಸುತ್ತಿಟ್ಟ ಅತ್ತೆಯ ಕೀಲಿಮಣೆ ಇತ್ತು. ಉಳಿದದ್ದನ್ನೆಲ್ಲ ಗಾಡಿಗೆ ಕೊಟ್ಟೆ. ಕೀಲಿಮಣೆಯನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತುಬಿಟ್ಟೆ.

ಕೀಲಿಮಣೆ ಎಂದರೆ ಕೀಬೋರ್ಡು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಹೇಳಿದ ಚಟ ನೋಡಿ, ನಿವೃತ್ತಿಯಾದರೂ ಬಿಟ್ಟಿಲ್ಲ. ಮೊದಲ ಸಲ ಈ ಪದ ಕೇಳಿದಾಗ ಅತ್ತೆ 'ಈಳಿಗೆಮಣೆ ಥರಾನೇನೇ? ಬೆರಳು ಜೋಪಾನ' ಎಂದಿದ್ದರು.

ಈ ಕೀಲಿಮಣೆಯನ್ನು ನೀವು ನೋಡಬೇಕಿತ್ತು. ಇದರ ಒಂದೊಂದು ಗುಂಡಿಯ ಮೇಲೂ ಒಂದೊಂದು ಕನ್ನಡ ಅಕ್ಷರ ಅಂಟಿಸಿದೆ, ಎಲ್ಲವೂ ಮದುವೆ ಪತ್ರಿಕೆಗಳಿಂದ ಕತ್ತರಿಸಿದವು. ಅತ್ತೆ ಮದುವೆ ಪತ್ರಿಕೆಯನ್ನು ಎಂದೂ ಎಸೆದವರಲ್ಲ. ಅರಿಶಿನ ಹಚ್ಚಿದ್ದನ್ನು ಎಸೆಯಬಾರದಂತೆ. ಹಾಗಾಗಿ ಕಲ್ಯಾಣಮಹೋತ್ಸವದಿಂದ ಒಂದು ಕೆಂಪು ಕ, ಸುಮುಹೂರ್ತದಿಂದ ಒಂದು ಹಸಿರು ಸ, ಯಾರದೋ ಗಣಪತಿ ಸ್ತುತಿಯಿಂದ ಹೊನ್ನಿನ ಬಣ್ಣದ ಗ ಬಂದು ಕೂತಿವೆ. ದೀರ್ಘಾಕ್ಷರ ಬೇಕಾದಾಗ ಒತ್ತುವ ಶಿಫ್ಟ್ ಗುಂಡಿಗೆ ಮಾತ್ರ ಏನು ಅಂಟಿಸುವುದೆಂದು ತಿಳಿಯದೆ ನಾನು ಸುಮ್ಮನೆ ಬಿಟ್ಟಿದ್ದೆ. ಅದನ್ನು ಅತ್ತೆಯೇ ತುಂಬಿದರು. ಪತ್ರಿಕೆಗಳಲ್ಲಿ ವರನ ಹೆಸರಿನ ಹಿಂದೆ 'ಚಿ॥' ಎಂದು ಇರುತ್ತದಲ್ಲ, ಅದನ್ನು ಕತ್ತರಿಸಿ ಹಚ್ಚಿದರು. 'ಚಿರಂಜೀವಿ ಅಂದ್ರೆ ದೀರ್ಘಾಯುಷ್ಯ ತಾನೇ? ದೀರ್ಘಕ್ಕೆ ಅದೇ ಸರಿ' ಎಂದರು. ವ್ಯಾಕರಣ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ.

ನಾನು ಈ ಬೀದಿಯ ಕಂಪ್ಯೂಟರ್ ಸೂಲಗಿತ್ತಿ ಆದದ್ದು ಹೇಗೆಂದು ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಬಿನ್ನಿಪೇಟೆಯ ನನ್ನ ತೌರುಮನೆಯ ಹತ್ತಿರ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರನ್ನೆಲ್ಲ ಮದುವೆಗೆ ಮೊದಲು ಅಲ್ಲಿಗೆ ಕಳಿಸುವುದು ವಾಡಿಕೆ. ಮಿಲ್ಲಿನ ಸೈರನ್ನು ಒಂದು ಕಡೆ, ನಮ್ಮ ಯಂತ್ರಗಳ ಟಕಟಕ ಒಂದು ಕಡೆ. ನನ್ನ ಕಿರುಬೆರಳು ಆ ಭಾರದ ಗುಂಡಿಗಳ ಸಂದಿಯಲ್ಲಿ ಸಿಕ್ಕಿಕೊಂಡು ಎಷ್ಟು ಸಲ ಅತ್ತಿದ್ದೇನೋ! ಆದರೆ ಬೆರಳು ಕಲಿತದ್ದನ್ನು ಮರೆಯುವುದಿಲ್ಲ. ಮುಂದೆ ಶಾಲೆಗೆ ಕಂಪ್ಯೂಟರ್ ಬಂದಾಗ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನು ಬುಸುಗುಡುವ ಹಾವಿನಂತೆ ದೂರದಿಂದ ನೋಡುತ್ತಿದ್ದರೆ, ಪ್ರಶ್ನೆಪತ್ರಿಕೆ ಟೈಪು ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಲ್ಲಿಂದ ಸುದ್ದಿ ಬೀದಿಗೆ ಹಬ್ಬಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ.

ನನ್ನ ವೈದ್ಯ ಬಲು ಸುಲಭ. ಮೊದಲು ಆಫ್ ಮಾಡಿ ಆನ್ ಮಾಡುವುದು. ಅರ್ಧ ಬೀದಿ ಇದರಲ್ಲೇ ವಾಸಿಯಾಗುತ್ತದೆ. ಆನ್ ಆಗದೆ ಕೀಂ ಕೀಂ ಎನ್ನುವ ಯಂತ್ರವಾದರೆ ವೈರು ಕಿತ್ತು, ಹೊಟ್ಟೆ ಬಿಚ್ಚಿ, ರ್‍ಯಾಮ್ ಎಂಬ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಸಿಕ್ಕಿಸುವುದು. ಇನ್ನು ಪಾಸ್‌ವರ್ಡ್ ಮರೆತವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: 'ನಿಮ್ಮ ಮನೆದೇವರು ಯಾವುದು?' ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ನಮ್ಮ ಬೀದಿಯಲ್ಲಿ ಇದು ತಪ್ಪಿದ್ದೇ ಇಲ್ಲ. ದಯವಿಟ್ಟು ನೀವು ಹಾಗೆ ಇಡಬೇಡಿ. ದೇವರು ಕಾಪಾಡುತ್ತಾನೆ, ನಿಜ, ಆದರೆ ಅವನ ಹೆಸರು ಎಲ್ಲರಿಗೂ ಗೊತ್ತು.

ನನ್ನ ಜಾಣತನಕ್ಕೂ ಮಿತಿ ಇದೆ ಅನ್ನಿ. ಒಮ್ಮೆ ಫೋಟೋ ತಿದ್ದುವ ಉಚಿತ ತಂತ್ರಾಂಶವೊಂದನ್ನು ಇಳಿಸಿಕೊಳ್ಳಲು ಹೋದೆ. ಆ ಪುಟದಲ್ಲಿ 'ಡೌನ್‌ಲೋಡ್' ಎನ್ನುವ ಹಸಿರು ಗುಂಡಿಗಳ ಸಾಲೇ ಇತ್ತು. ಅತಿ ದಪ್ಪನೆಯದನ್ನು ಒತ್ತಿದೆ. ಫೋಟೋ ತಿದ್ದುವುದು ಬರಲಿಲ್ಲ, ಲಾಟರಿ ಗೆದ್ದಿದ್ದೀರಿ ಎಂದು ಹೇಳುವವನು ಬಂದು ಪರದೆಯ ಮೂಲೆಯಲ್ಲಿ ಬಿಡಾರ ಹೂಡಿದ. ಅವನನ್ನು ಎಬ್ಬಿಸುವಷ್ಟರಲ್ಲಿ ಹೈರಾಣಾದೆ. ಅಂದಿನಿಂದ ನನ್ನ ನಿಯಮ ಇದು: ಯಾವ ಗುಂಡಿ ಮೈಮೇಲೆ ಬಿದ್ದು ಕರೆಯುತ್ತದೋ ಅದು ನಮ್ಮದಲ್ಲ. ತಯಾರಿಸಿದವರ ಸ್ವಂತ ತಾಣಕ್ಕೇ ಹೋಗಿ, ಅಲ್ಲಿ ಸಂಕೋಚದಿಂದ ಕೂತಿರುವ ಸಣ್ಣ ಗುಂಡಿಯನ್ನು ಒತ್ತಿ.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಆದರೂ ಬರೆಯಲು, ಹಾಡು ಕೇಳಲು, ಚಿತ್ರ ತಿದ್ದಲು, ಕನ್ನಡ ಟೈಪು ಮಾಡಲು, ಎಲ್ಲದಕ್ಕೂ ಕಾಸಿಲ್ಲದ ತಂತ್ರಾಂಶಗಳಿವೆ, ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಮಾಡಿ ಹಂಚಿಬಿಟ್ಟಿದ್ದಾರೆ ಎಂದು ನಾನು ಹೇಳಿದಾಗ ಅತ್ತೆ ನಂಬಲಿಲ್ಲ.

'ಸುಮ್ಮಸುಮ್ಮನೆ ಯಾರೇ ಕೊಡ್ತಾರೆ ಈ ಕಾಲದಲ್ಲಿ?'

'ಕೊಡ್ತಾರೆ ಅತ್ತೆ. ಮಾಡೋದು ಹೇಗೆ ಅನ್ನೋದನ್ನೂ ತೋರಿಸಿಕೊಡ್ತಾರೆ. ಬೇಕಾದ್ರೆ ನೀವೂ ತಿದ್ದಿ ಇನ್ನೊಬ್ರಿಗೆ ಕೊಡಬಹುದು.'

ಅತ್ತೆ 'ನಮ್ಮ ಹಾಡುಗಳ ಥರ' ಎಂದರು. ಮರುದಿನ ದೇವಸ್ಥಾನಕ್ಕೆ ಹೋದಾಗ ಆ ತಂತ್ರಾಂಶ ಹಂಚುವವರ ಹೆಸರಿನಲ್ಲಿ ಅರ್ಚನೆಗೆ ಕೊಟ್ಟರು. ಅರ್ಚಕರು 'ಗೋತ್ರ?' ಎಂದರು. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಎಂದು ಹೇಳುವ ಪದ್ಧತಿ ಇದೆಯಲ್ಲ, ಅತ್ತೆ ಅದನ್ನೇ ಹೇಳಿದರು. ಹೀಗೆ ಪ್ರಪಂಚದ ಉಚಿತ ತಂತ್ರಾಂಶದವರೆಲ್ಲ ಒಂದು ಶನಿವಾರ ಬೆಳಗ್ಗೆ ಕಾಶ್ಯಪ ಗೋತ್ರದವರಾದರು.

ಅತ್ತೆ ಕಂಪ್ಯೂಟರಿನ ಮುಂದೆ ಕೂತದ್ದಕ್ಕೆ ಕಾರಣ ಹಾಡು. ಅವರು ಬೀಗರ ಹಾಡಿಗೆ ಹೆಸರಾದವರು. ಮದುವೆಯಲ್ಲಿ ಬೀಗರು ಊಟಕ್ಕೆ ಕೂತಾಗ ಅವರನ್ನು ಚೆನ್ನಾಗಿ ಛೇಡಿಸುವ ಹಾಡುಗಳಿವು. ನಾನು ತೀರ ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮನ ಮದುವೆಯಲ್ಲಿ ಇಂಥದೇ ಹಾಡು ಕೇಳಿ ನಿಜವಾದ ಜಗಳ ಎಂದುಕೊಂಡಿದ್ದೆ. ನಮ್ಮಜ್ಜಿಯನ್ನು ಬೈಯುತ್ತಿದ್ದಾರೆಂದು ಸಿಟ್ಟು ಬಂದು, ಗಂಡಿನ ಕಡೆಯವರಿಗೆ ಇಟ್ಟಿದ್ದ ಚಕ್ಕುಲಿಯನ್ನೆಲ್ಲ ಲಂಗದಲ್ಲಿ ತುಂಬಿಕೊಂಡು ಛತ್ರದ ಹಿತ್ತಿಲಲ್ಲಿ ಅಡಗಿದ್ದೆ. ಅಜ್ಜಿಯೇ ಬಂದು, 'ಅಯ್ಯೋ ಪೆದ್ದೀ, ಬೈಸ್ಕೊಳ್ಳೋದೂ ಒಂದು ಮರ್ಯಾದೆ ಕಣೇ' ಎಂದು ಎಳೆದುಕೊಂಡು ಹೋದರು.

ಅತ್ತೆ ಈ ಹಾಡುಗಳನ್ನು ಕಲಿತದ್ದಲ್ಲದೆ ತಾವೇ ಕಟ್ಟುತ್ತಲೂ ಇದ್ದರು. ಆದರೆ ಮಾವ ಹೋದ ಮೇಲೆ ಗಾಜಿನ ಬಳೆ ತೆಗೆದಿಟ್ಟ ಹಾಗೆ ಮದುವೆಮನೆಯ ಹಾಡನ್ನೂ ತೆಗೆದಿಟ್ಟರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡಿ ಎಂದಿರಲಿಲ್ಲ. ಬೇಡಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಛತ್ರದಲ್ಲಿ ಹಿಂದಿನ ಸಾಲಿನ ಕುರ್ಚಿ ಹಿಡಿದು, 'ಇನ್ಮೇಲೆ ನೀವುಗಳು ಹೇಳ್ರೇ' ಎನ್ನುತ್ತಿದ್ದರು. ನಮಗೆ ಹಾಡುಗಳು ಬಾರದಿದ್ದುದರಿಂದ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟುಬಿಡುವುದು ಎಂದು ತೀರ್ಮಾನವಾಯಿತು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಲ್ಲಿ ಸ ಎಲ್ಲಿ, ಗ ಎಲ್ಲಿ ಎಂದು ಹುಡುಕುತ್ತ, ಚಿ॥ ಗುಂಡಿ ಒತ್ತಿದಾಗಲೆಲ್ಲ ಬಾಯಲ್ಲೂ ಸ್ವರ ಎಳೆಯುತ್ತ, ಅತ್ತೆ ಮಧ್ಯಾಹ್ನಗಳನ್ನೆಲ್ಲ ಅದರ ಮುಂದೆ ಕಳೆದರು. ಮುಗಿದ ಮೇಲೆ, ಹಾಡು ಗೀಚಿಟ್ಟುಕೊಂಡಿದ್ದ ಹಳೆಯ ಚೀಟಿಗಳನ್ನು ರದ್ದಿಯವನಿಗೆ ಹಾಕಿ, 'ಎಲ್ಲಾ ಕಂಪ್ಯೂಟರ್‌ನಲ್ಲಿದೆ' ಎಂದು ಕೈ ತೊಳೆದುಕೊಂಡರು.

ಆ ಕಂಪ್ಯೂಟರ್ ಮುದಿಯಾಯಿತು. ನಮ್ಮ ಮನೆಯವರು ಹಾಡುಗಳನ್ನು ಈಮೇಲಿಗೆ ಅಂಟಿಸಿ, ತಮಗೆ ತಾವೇ ಕಳಿಸಿಕೊಂಡು, ಹೊಸ ಲ್ಯಾಪ್‌ಟಾಪಿಗೆ ದಾಟಿಸಿದ್ದರು. ತೆರೆದು ನೋಡುವ ಪ್ರಸಂಗ ಬಂದದ್ದು ಹೋದ ವರ್ಷ, ಅತ್ತೆಯ ಮೊಮ್ಮಗಳು, ಅಂದರೆ ನನ್ನ ನಾದಿನಿಯ ಮಗಳು ಸಿಂಧುವಿನ ಮದುವೆ ನಿಶ್ಚಯವಾದಾಗ. 'ಅಜ್ಜೀ, ನನ್ ಮದ್ವೇಲಿ ಬೀಗರ ಹಾಡು ಇರ್ಲೇಬೇಕು' ಎಂದು ಅವಳು ಹಟ ಹಿಡಿದಿದ್ದಳು. 'ಅದಕ್ಕೇನಂತೆ, ಪ್ರಿಂಟ್ ತೆಗೆಸ್ತೀನಿ, ನಿಮ್ಮಮ್ಮ, ನಿಮ್ಮತ್ತೆ ಹೇಳ್ತಾರೆ' ಎಂದರು ಅತ್ತೆ.

ನಾನು ಗಾಂಧಿ ಬಜಾರಿನಿಂದ ಹೂವು ತರಕಾರಿ ಹೊತ್ತು ಮನೆಗೆ ಬಂದಾಗ ಅತ್ತೆ ಲ್ಯಾಪ್‌ಟಾಪಿನ ಮುಂದೆ ಕೈ ಮಡಚಿ ಕೂತಿದ್ದರು. ಪಕ್ಕದ ಮನೆಯ ಶ್ಯಾಮಣ್ಣನವರು ಅವರ ಹಿಂದೆ ನಿಂತಿದ್ದರು. ಶ್ಯಾಮಣ್ಣನವರಿಗೆ ಕಂಪ್ಯೂಟರಿನ ಬಗ್ಗೆ ತಿಳಿದಿರುವುದು ಕಡಿಮೆ, ಸಂಶಯ ಅದಕ್ಕಿಂತ ಕಡಿಮೆ.

'ಏನೇ ಶೈಲ, ಇದೇನಾಗಿದೆ ನೋಡೇ. ಹಾಡೆಲ್ಲ ಹಾಳಾಗೋಗಿದೆ.'

ಪರದೆಯ ತುಂಬ ಇಂಥದೇ: PÉÆqÀÄ§¼É. ಇಂಗ್ಲಿಷಿಗೆ ಸನ್ನಿ ಹಿಡಿದ ಹಾಗೆ.

'ವೈರಸ್ಸು ಕಣಮ್ಮಾ, ನೋಡಿದ ತಕ್ಷಣ ಹೇಳ್ದೆ,' ಎಂದರು ಶ್ಯಾಮಣ್ಣನವರು. 'ಇನ್ನು ಇದರಲ್ಲಿ ಏನೂ ಉಳಿದಿಲ್ಲ. ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡಿಸ್ಬಿಡಿ. ನಾನು ಆಗ್ಲೇ ಅಳಿಸ್ತಿದ್ದೆ, ನಿಮ್ಮತ್ತೆ ಬಿಡಲಿಲ್ಲ.'

'ಶೈಲ ಬರ್ಲಿ ಅಂದೆ,' ಎಂದರು ಅತ್ತೆ. ಅವರ ದನಿ ಬಹಳ ಸಣ್ಣದಾಗಿತ್ತು. ಈಚೆಗೆ ಹಾಡುಗಳ ಮೊದಲು, ಕೊನೆ ನೆನಪಿದ್ದರೂ ನಡುವಿನ ನುಡಿಗಳು ಅವರಿಗೆ ಕೈಕೊಡುತ್ತಿದ್ದವು. ಚೀಟಿಗಳು ಎಂದೋ ಯಾರದೋ ಕಡಲೆಕಾಯಿಯ ಪೊಟ್ಟಣವಾಗಿದ್ದವು. ಇದೂ ಹೋದರೆ ಹಾಡುಗಳು ಹೋದಂತೆಯೇ. ಆದರೆ ಆ ವಿಕಾರ ಅಕ್ಷರಗಳ ಮುಖಪರಿಚಯ ನನಗಿತ್ತು. ಪ್ರಶ್ನೆಪತ್ರಿಕೆಗಳ ಕಾಲದಲ್ಲಿ ಎಷ್ಟು ಸಲ ನೋಡಿಲ್ಲ!

ನಿಮಗೂ ಎಂದಾದರೂ ಹೀಗಾದರೆ ಗಾಬರಿಯಾಗಬೇಡಿ, ಅಳಿಸಲಂತೂ ಬೇಡಿ. ಹಳೆಯ ಕಾಲದ ಕನ್ನಡ ಫಾಂಟುಗಳು ಒಳಗೆ ಇಂಗ್ಲಿಷ್ ಗುರುತುಗಳನ್ನಿಟ್ಟುಕೊಂಡು ಹೊರಗೆ ಕನ್ನಡದ ವೇಷ ಹಾಕುತ್ತಿದ್ದವು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ, ಅಷ್ಟೇ. ಹಳೆಯ ಫಾಂಟು ಉಚಿತವಾಗಿ ಸಿಗುತ್ತದೆ. ಅದನ್ನು ತಂದು ಹಾಕಿ, ಬರಹವನ್ನೆಲ್ಲ ಒಟ್ಟಿಗೆ ಹಿಡಿದು, ಫಾಂಟಿನ ಹೆಸರು ಬದಲಿಸಿದರೆ ಮುಗಿಯಿತು. ಅತ್ತೆ ಬಳಸಿದ್ದು ಯಾವ ಫಾಂಟು ಎನ್ನುವುದು ಮಾತ್ರ ನನಗೆ ಮರೆತಿತ್ತು. ಮೊದಲು ಹಾಕಿದ್ದರಲ್ಲಿ ಕನ್ನಡವೇನೋ ಬಂತು, ಆದರೆ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಮಾತಾಡುವವರ ಕನ್ನಡ. ಎರಡನೆಯದಕ್ಕೆ ಪರದೆ ಒಮ್ಮೆ ಮಿಟುಕಿ, ಹಾಡು ಎದ್ದು ನಿಂತಿತು. ಅತ್ತೆ ಎರಡೂ ಕೈ ಕೆನ್ನೆಗಿಟ್ಟುಕೊಂಡರು. ಶ್ಯಾಮಣ್ಣನವರು 'ವೈರಸ್ಸು ಹೆದರ್ಕೊಂಡಿದೆ' ಎಂದು ಹೇಳಿ ಕಾಫಿ ಕುಡಿದು ಹೋದರು.

ಆದರೆ ಇನ್ನೊಂದು ತೊಂದರೆ ಕಾದಿತ್ತು. ಅತ್ತೆ ಓದತೊಡಗಿ ಅಲ್ಲೇ ನಿಂತರು.

'ಕೊಡುಬಳೆ ಕೊಟ್ಟರೆ ಬಿಗಿತ್ತಿ… ಬಿಗಿತ್ತಿ ಅಂದ್ರೆ ಯಾರೇ?'

ಈಮೇಲಿನ ದಾರಿಯಲ್ಲಿ ಎಲ್ಲೋ ಒಂದು ಗುರುತು ಬಿದ್ದುಹೋಗಿತ್ತು. ಆ ಹಳೆಯ ಫಾಂಟಿನಲ್ಲಿ ಕೀ, ಕೇ, ಕೋ ಮೂರಕ್ಕೂ ದೀರ್ಘದ ಗುರುತು ಒಂದೇ. ಅದು ಹೋದದ್ದರಿಂದ ಬೀಗಿತ್ತಿ ಬಿಗಿದುಕೊಂಡು ಬಿಗಿತ್ತಿ ಆಗಿದ್ದಳು. ಬೇಳೆ ಒಬ್ಬಟ್ಟು ಬೆಳೆ ಒಬ್ಬಟ್ಟಾಗಿತ್ತು. ಸಾರು ಹೀರಿದ ಬೀಗರು ಕತ್ತಿ ಹಿರಿದ ಹಾಗೆ ಸಾರು ಹಿರಿದಿದ್ದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, 'ದೀರ್ಘ ಇಲ್ದೆ ಹಾಡು ಹೇಗೇ ಹೇಳೋದು? ಎಳೆಯೋದಕ್ಕೆ ಏನು ಉಳೀತು?' ಎಂದರು.

ಇದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ಯಾವುದು ಎಳೆಯಬೇಕು, ಯಾವುದು ಬಿಡಬೇಕು ಎನ್ನುವುದು ಹಾಡು ಬಲ್ಲವರಿಗೇ ಗೊತ್ತು. ಯಾರೋ ಪುಣ್ಯಾತ್ಮರು ಮಾಡಿಟ್ಟ ಇನ್ನೊಂದು ಉಚಿತ ತಂತ್ರಾಂಶದಿಂದ, ಯಾವ ಯಂತ್ರದಲ್ಲಾದರೂ ಓದಲು ಬರುವ ಹಾಗೆ ಬರಹವನ್ನು ಯೂನಿಕೋಡಿಗೆ ಬದಲಿಸಿದೆ. ಆಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಹಾಡಿ' ಎಂದೆ.

'ನಾನೆಲ್ಲಿ ಹಾಡ್ಲಿ, ಸುಮ್ನಿರು. ಹೇಳ್ತೀನಿ, ಬರ್ಕೋ.'

'ಹೇಳಿದ್ರೆ ಗೊತ್ತಾಗಲ್ಲ ಅತ್ತೆ. ನೀವು ಎಲ್ಲಿ ಎಳೀತೀರೋ ಅಲ್ಲಿ ದೀರ್ಘ ಹಾಕ್ತೀನಿ.'

ಮೊದಲು ಗೊಣಗಿದರು. ಆಮೇಲೆ ಮೆಲ್ಲಗೆ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ತಾಳ ಹಾಕಲು ಮೇಜು ಸಾಲದೆ ನನ್ನ ತೊಡೆಯ ಮೇಲೂ ಹಾಕತೊಡಗಿದರು.

ಕೋಡುಬಳೆ ಕೊಟ್ಟರೆ ಬೀಗಿತ್ತಿ
ಕೈಗೆ ಏರಿಸಿಕೊಂಡಳು
ಚಕ್ಕುಲಿ ಕೊಟ್ಟರೆ ಬೀಗಿತ್ತಿ
ಕಿವಿಗೆ ಓಲೆ ಎಂದಳು
ಶಾವಿಗೆ ಕೊಟ್ಟರೆ ಬೀಗಿತ್ತಿ
ಚೌರಿ ಎಂದು ಹೆಣೆದಳು
ಹಪ್ಪಳ ಕೊಟ್ಟರೆ ಬೀಗಿತ್ತಿ
ಬೀಸಿಕೊಂಡು ಕೂತಳು

'ಈ ಶಾವಿಗೆ ನುಡಿ ಎಲ್ಲೋ ಹೋಗ್ಬಿಟ್ಟಿತ್ತು ಕಣೇ! ನನ್ನ ತಂಗಿ ಮದ್ವೆಗೆ ಕಟ್ಟಿದ್ದು. ನಿಮ್ಮ ಮಾವ ಕಂಬದ ಹಿಂದೆ ನಿಂತ್ಕೊಂಡು ಕೇಳಿಸ್ಕೊಂಡಿದ್ರು' ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ನಾನು ದೀರ್ಘ ಹಾಕುವುದರಲ್ಲಿ ಮುಳುಗಿದವಳಂತೆ ಇದ್ದೆ. ಆ ಮಧ್ಯಾಹ್ನಗಳಷ್ಟು ಸುಖವಾಗಿ ನಾನು ಯಾವ ಉತ್ತರಪತ್ರಿಕೆಯನ್ನೂ ತಿದ್ದಿಲ್ಲ.

ಮದುವೆ ಬಸವನಗುಡಿಯ ಒಂದು ಛತ್ರದಲ್ಲಿ. ಬೀಗರ ಪಂಕ್ತಿಗೆ ಎಲೆ ಹಾಕಿ, ಸುತ್ತ ರಂಗೋಲಿ ಬಿಟ್ಟು, ವರನ ತಾಯಿಗೆ ಅರಿಶಿನ ಕುಂಕುಮ ಕೊಟ್ಟು ಕೂರಿಸಿದ್ದಾಯಿತು. ಬಡಿಸಿದ ಮೇಲೆ, ಎಲೆಗೆ ಕೈ ಹಾಕುವ ಮೊದಲು ಹಾಡು. ನಾದಿನಿ ಮಗಳ ಮದುವೆಯ ಓಡಾಟದಲ್ಲಿ ಕೈಗೆ ಸಿಗಲಿಲ್ಲ. ದಪ್ಪಕ್ಷರದ ಹಾಳೆ ಹಿಡಿದು ನಾನೊಬ್ಬಳೇ ನಿಂತೆ. ನನ್ನ ಕಂಠದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಶ್ರುತಿ ಮೆಜೆಸ್ಟಿಕ್ಕಿನ ಬಸ್ಸು ಹತ್ತಿದರೆ ತಾಳ ಬನಶಂಕರಿಯ ಕಡೆ ಹೊರಟಿತ್ತು. ಬೀಗರು ಮರ್ಯಾದೆಯಿಂದ ಎಲೆ ನೋಡುತ್ತ ಕೂತರು. ಚಕ್ಕುಲಿಯ ನುಡಿ ಮುಟ್ಟುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

'ಕೊಡೇ ಇಲ್ಲಿ. ಹಾಡಿನ ಮಾನ ಕಳೀತಿದೀಯ.'

ಅತ್ತೆ ಹಾಳೆ ಕಿತ್ತುಕೊಂಡರು. ಮೊದಲಿನಿಂದ ಎತ್ತಿಕೊಂಡರು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಶಾವಿಗೆಗೆ ಪಂಕ್ತಿಯೆಲ್ಲ ನಕ್ಕಿತು. ಹಪ್ಪಳಕ್ಕೆ ಬೀಗಿತ್ತಿಯೇ ಎದುರಿಗಿದ್ದ ಹಪ್ಪಳ ಎತ್ತಿ ಬೀಸಿಕೊಂಡರು. ಇನ್ನು ಮೊದಲ ಸಾಲಿಗೆ ಮರಳಿ ಹಾಡು ಮುಗಿಯಬೇಕು. ಅಲ್ಲಿ ಅತ್ತೆ ತಟ್ಟನೆ ನಿಂತರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಇಣುಕಿದೆ. ಕೊನೆಯ ಸಾಲಿನಲ್ಲಿ ಒಂದು ದೀರ್ಘ ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಅಚ್ಚಾಗಿದ್ದದ್ದು 'ಕೊಡುಬಳೆ'.

ಬಾಯಿಪಾಠವಿದ್ದ ಸಾಲು. ಸರಿಯಾಗಿಯೇ ಹಾಡಿ ಮುಗಿಸಬಹುದಿತ್ತು. ಆದರೆ ಅತ್ತೆಯ ಮುಖದಲ್ಲಿ ತುಂಟತನ ಮೂಡಿದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ಕಂಡೆ. ಬೀಗಿತ್ತಿಯ ಮುಂದೆ ಕೈ ಚಾಚಿ, ಪದ ಮುರಿದು ಹಾಡಿದರು:

'ಕೊಡು… ಬಳೆ ಕೊಡು ಬೀಗಿತ್ತಿ…'

ಎಲ್ಲರೂ ಹೋ ಎಂದರು. ಬೀಗಿತ್ತಿಯ ಪಕ್ಕದಲ್ಲಿ, ನಾವೇ ಆಗಷ್ಟೇ ಕೊಟ್ಟಿದ್ದ ತಟ್ಟೆಯಲ್ಲಿ, ಹಸಿರು ಗಾಜಿನ ಬಳೆಗಳಿದ್ದವು. ಅವರು ನಗುತ್ತಲೇ ಅತ್ತೆಯ ಕೈ ಹಿಡಿದುಕೊಂಡು, 'ತಗೊಳ್ಳಿ ಬೀಗರೇ, ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ' ಎಂದು ಬಳೆ ಏರಿಸಿಯೇಬಿಟ್ಟರು. ನಮ್ಮ ಕಡೆಯವರ ನಗು ಒಂದು ಗಳಿಗೆ ನಿಂತುಹೋಯಿತು. ಬೀಗಿತ್ತಿ ಗೊತ್ತಿದ್ದು ಮಾಡಿದರೋ, ಗೊತ್ತಿಲ್ಲದೆಯೋ, ನಾನು ಇಂದಿಗೂ ಕೇಳಿಲ್ಲ. ಅತ್ತೆ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಕೈಯನ್ನೇ ಎತ್ತಿ ತಾಳ ಹಾಕಿ, ಸಾಲು ಮುಗಿಸಿದರು. ನನಗೆ ಅಳು ಬಂತು, ಅಲ್ಲೇ ಅತ್ತುಬಿಟ್ಟೆ.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ಹೇಳಿದರು, 'ಅದೊಂದು ದೀರ್ಘ ಬಿಟ್ಬಿಟ್ಟಿದ್ಯಲ್ಲೇ, ಕನ್ನಡ ಮಿಸ್ಸು.'

'ನಾಳೆ ಸರಿ ಮಾಡ್ತೀನಿ ಅತ್ತೆ.'

'ಇರ್ಲಿ ಬಿಡು. ಏನವಸರ.'

ಮೊನ್ನೆ ಜಗುಲಿಯ ಮೇಲೆ ಇದೆಲ್ಲ ನೆನೆಯುತ್ತ ಕೂತಿದ್ದಾಗ ಒಳಗಿನಿಂದ ಅತ್ತೆ, 'ಯಾರೇ ಅದು, ಗಾಡಿಯವನು ಹೋದ್ನಾ?' ಎಂದು ಕೂಗಿದರು. ಅವರೆಕಾಯಿ ಸುಲಿಯುತ್ತಿದ್ದರು. ಒಂದೊಂದು ಕಾಯಿಗೂ ಬಳೆ ಸದ್ದು ಮಾಡುತ್ತಿತ್ತು. ಕೀಲಿಮಣೆಯ ದೂಳು ಒರೆಸಿ, ಅದೇ ದಿಂಬಿನ ಕವರಿನಲ್ಲಿ ಸುತ್ತಿ ಮತ್ತೆ ಅಟ್ಟಕ್ಕಿಟ್ಟೆ.

ಕೊನೆಗೊಂದು ಸಲಹೆ ಹೇಳದಿದ್ದರೆ ನನ್ನ ಸೂಲಗಿತ್ತಿತನಕ್ಕೆ ಕಳಂಕ. ಮುಖ್ಯವಾದದ್ದನ್ನು ಹೆಪ್ಪಿನ ಮೊಸರಿನಂತೆ ನೋಡಿಕೊಳ್ಳಿ. ಒಂದಿಷ್ಟು ನಿಮ್ಮಲ್ಲಿ ಎತ್ತಿಡಿ, ಒಂದಿಷ್ಟು ಪಕ್ಕದ ಮನೆಗೂ ಕೊಟ್ಟಿರಿ, ನಿಮ್ಮದು ಕೆಟ್ಟರೆ ಅಲ್ಲಿಂದ ತರಬಹುದು. ಅತ್ತೆಯ ಹಾಡುಗಳ ಒಂದು ಪ್ರತಿ ಈ ಲ್ಯಾಪ್‌ಟಾಪಿನಲ್ಲಿದೆ, ಒಂದು ಸಿಂಧುವಿನ ಹತ್ತಿರ, ಒಂದು ಬೀಗಿತ್ತಿಯ ಹತ್ತಿರ. ಮೂರರಲ್ಲೂ ಆ ಕೊನೆಯ ಸಾಲಿಗೆ ದೀರ್ಘವಿಲ್ಲ.